ಮಳೆಗಾಲಕ್ಕೊಂದು ಫ್ಯಾಂಟಸಿ ಆಡಿಯೋಬುಕ್: ಮೊದಲ ಒಂದು ಗಂಟೆ ಗೆದ್ದರೆ ಸಾಕು

ಹದಿಹರೆಯದವರಿಗಾಗಿ ಬರೆದ ಫ್ಯಾಂಟಸಿ ಕಾದಂಬರಿಯನ್ನು ಕೇಳಲು ಶುರುಮಾಡಿ ಅರ್ಧಕ್ಕೆ ಬಿಟ್ಟವರನ್ನು ವಿಚಾರಿಸಿ ನೋಡಿ. ಕತೆ ಚೆನ್ನಾಗಿಲ್ಲ ಅನ್ನುವವರು ಕಡಿಮೆ. "ಯಾರು ಯಾರು ಅಂತಲೇ ಗೊತ್ತಾಗಲಿಲ್ಲ" ಅನ್ನುವವರೇ ಹೆಚ್ಚು. ಇದು ಕೇಳುಗರ ತಪ್ಪೂ ಅಲ್ಲ, ಪುಸ್ತಕದ ತಪ್ಪೂ ಅಲ್ಲ. ಈ ಬಗೆಯ ಕಾದಂಬರಿ ಮೊದಲ ಒಂದು ಗಂಟೆಯಲ್ಲೇ ಒಂದು ಹೊಸ ಲೋಕವನ್ನು ಕಟ್ಟಿ ನಿಲ್ಲಿಸಬೇಕು. ರಾಜ್ಯದ ಹೆಸರು, ಕುಲದ ಹೆಸರು, ನದಿ, ಕೋಟೆ, ಮಂತ್ರ, ಮಂತ್ರಕ್ಕೊಂದು ಕಟ್ಟುಪಾಡು ಎಲ್ಲವೂ ಆ ಒಂದು ಗಂಟೆಯಲ್ಲೇ ಬರುತ್ತವೆ. ಪುಟದ ಮೇಲಾದರೆ ಹೆಸರನ್ನು ಓದಲು ಬಾರದಿದ್ದರೂ ಅದರ ಆಕಾರ ಕಣ್ಣಿಗೆ ಗುರುತಾಗುತ್ತದೆ. ಪುಸ್ತಕದ ಮೊದಲ ಪುಟಗಳಲ್ಲಿ ನಕ್ಷೆ ಇರುತ್ತದೆ, ಸಂದೇಹ ಬಂದರೆ ಎರಡು ಹಾಳೆ ಹಿಂದಕ್ಕೆ ತಿರುಗಿಸಬಹುದು. ಕಿವಿಗೆ ಈ ಅನುಕೂಲ ಒಂದೂ ಇಲ್ಲ. ಹೆಸರು ಬಂತು, ಹೋಯಿತು, ಅಷ್ಟೆ.

ಹಾಗಾಗಿ ಮೊದಲ ಗಂಟೆಗೆ ಒಂದು ಕ್ರಮ, ಉಳಿದ ಒಂಬತ್ತು–ಹತ್ತು ಗಂಟೆಗೆ ಬೇರೆ ಕ್ರಮ ಇಟ್ಟುಕೊಳ್ಳಬೇಕು. ಕೊಡಗಿನಲ್ಲಿ ಇದರ ಜೊತೆಗೆ ಶೀಟಿನ ಮೇಲಿನ ಮಳೆ, ಘಾಟಿಯಲ್ಲಿ ಸಿಗದ ನೆಟ್‌ವರ್ಕ್, ತೋಟದೊಳಗಿನ ಆನೆ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಒಂದೊಂದಾಗಿ ಬರೆಯುತ್ತೇನೆ.

ಮೊದಲು ಅಳತೆ ತಿಳಿದಿರಲಿ. ಇಂಗ್ಲಿಷ್ ಆಡಿಯೋಬುಕ್ ಸಾಮಾನ್ಯವಾಗಿ ಗಂಟೆಗೆ 9,000ದಿಂದ 9,500 ಪದಗಳ ವೇಗದಲ್ಲಿ ಓಡುತ್ತದೆ. ಈ ವರ್ಗದ ಫ್ಯಾಂಟಸಿ ಕಾದಂಬರಿ 80,000ದಿಂದ 1,20,000 ಪದಗಳ ಆಸುಪಾಸಿನಲ್ಲಿರುವುದು ರೂಢಿ. ಅಂದರೆ ಒಂಬತ್ತರಿಂದ ಹದಿಮೂರು ಗಂಟೆ. ಹತ್ತು ಗಂಟೆಯ ಪುಸ್ತಕವನ್ನು 1.25 ಪಟ್ಟು ವೇಗದಲ್ಲಿ ಕೇಳಿದರೆ ಎಂಟು ಗಂಟೆಯಲ್ಲಿ ಮುಗಿಯುತ್ತದೆ. ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಆರು ಗಂಟೆ ಹಿಡಿಯುತ್ತದೆ. ಹೋಗಿಬರುವಷ್ಟರಲ್ಲಿ ಒಂದು ಕಾದಂಬರಿ ಮುಗಿಸಿ ಇನ್ನೊಂದರ ಬಾಗಿಲು ತಟ್ಟಬಹುದು.

ಕತೆಗಿಂತ ಮೊದಲು ಓದುವವರ ದನಿಯನ್ನು ಆರಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳ್ಳೆಯ ಕಾದಂಬರಿ ಕೆಟ್ಟ ಓದಿನಲ್ಲಿ ಸತ್ತೇ ಹೋಗುತ್ತದೆ, ಸಾಧಾರಣ ಕಾದಂಬರಿ ಒಳ್ಳೆಯ ಓದಿನಲ್ಲಿ ಎದ್ದು ನಿಲ್ಲುತ್ತದೆ. ಸಂಪಾಜೆ, ಸುಳ್ಯದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಕೂತ ಅರ್ಥಧಾರಿ ಬರೀ ಮಾತಿನಲ್ಲೇ ಕರ್ಣನನ್ನೂ ಶಲ್ಯನನ್ನೂ ಎದುರಿಗೆ ತಂದು ನಿಲ್ಲಿಸುತ್ತಾರೆ. ಆಡಿಯೋಬುಕ್ ಓದುವವರು ಮಾಡಬೇಕಾದದ್ದೂ ಇದನ್ನೇ, ಆದರೆ ಅಷ್ಟೂ ಪಾತ್ರಗಳನ್ನು ಒಬ್ಬರೇ ನಿಭಾಯಿಸಬೇಕು.

ಧ್ವನಿಮುದ್ರಣಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಒಬ್ಬರೇ ಇಡೀ ಪುಸ್ತಕ ಓದುವುದು ಒಂದು. ಎರಡು ಪಾತ್ರಗಳ ದೃಷ್ಟಿಯಲ್ಲಿ ಅಧ್ಯಾಯಗಳು ಬದಲಾಗುವ ಕಾದಂಬರಿಯನ್ನು ಇಬ್ಬರು ಹಂಚಿಕೊಂಡು ಓದುವುದು ಇನ್ನೊಂದು. ಮೂರನೆಯದರಲ್ಲಿ ನಿರೂಪಕರು ಬೇರೆ, ಪ್ರತಿ ಪಾತ್ರಕ್ಕೂ ಬೇರೆ ನಟರು. ನಾಲ್ಕನೆಯದು ಸಂಗೀತ, ಕತ್ತಿಯ ಸದ್ದು, ಗಾಳಿಯ ಸದ್ದು ಎಲ್ಲ ಸೇರಿದ, ರೇಡಿಯೋ ನಾಟಕದಂಥ ರೂಪ. ಹೊಸಬರು ಈ ನಾಲ್ಕನೆಯದಕ್ಕೇ ಮೊದಲು ಕೈ ಹಾಕುತ್ತಾರೆ, ಸಿನಿಮಾ ಕೇಳಿದ ಹಾಗಿರುತ್ತದೆ ಎಂಬ ಆಸೆಯಿಂದ. ಆದರೆ ನಮ್ಮ ಮಳೆಗಾಲಕ್ಕೆ ಹೊಂದದ ರೂಪವೂ ಅದೇ. ಹೊರಗೆ ಮಳೆ, ಒಳಗೆ ಹಿನ್ನೆಲೆ ಸಂಗೀತ, ನಡುವೆ ಪಿಸುಮಾತು ಬಂದರೆ ಒಂದಕ್ಷರ ಕಿವಿಗೆ ಬೀಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಬ್ಬರೇ ಓದಿದ, ಸಂಗೀತವಿಲ್ಲದ ಮುದ್ರಣ ಒಳ್ಳೆಯದು. ಮಳೆ ಬಿಟ್ಟ ಮೇಲೆ, ಹೊರಗಿನ ಸದ್ದು ಕಡಿಮೆಯಿದ್ದಾಗ, ನಾಟಕ ರೂಪದ್ದನ್ನು ಕೇಳಿ. ಅದರ ಚಂದವೆಲ್ಲ ಆಗ ಕಿವಿಗೆ ಸಿಗುತ್ತದೆ.

ಕೊಳ್ಳುವ ಮೊದಲು ಮಾದರಿ ತುಣುಕು ಕೇಳಲು ಸಿಗುತ್ತದಲ್ಲ, ಅದರಲ್ಲಿ ದನಿ ಇಂಪಾಗಿದೆಯೇ ಎಂದು ನೋಡುತ್ತ ಕೂರಬೇಡಿ. ಮೂರು ವಿಷಯ ಗಮನಿಸಿ. ಸಂಭಾಷಣೆ ಬಂದಾಗ "ಅವನು ಹೇಳಿದ, ಅವಳು ಹೇಳಿದಳು" ಎಂಬ ಮಾತಿಲ್ಲದೆಯೇ ಯಾರು ಮಾತಾಡುತ್ತಿದ್ದಾರೆಂದು ಗೊತ್ತಾಗಬೇಕು. ಪಿಸುಮಾತಿಗೂ ಕೂಗಿಗೂ ಇರುವ ಅಂತರ ಅತಿಯಾಗಿರಬಾರದು. ಅಂತರ ಹೆಚ್ಚಿದ್ದರೆ ಬಸ್ಸಿನಲ್ಲಿ ಪಿಸುಮಾತಿಗಾಗಿ ವಾಲ್ಯೂಮ್ ಏರಿಸುತ್ತೀರಿ, ಮರುಕ್ಷಣವೇ ಯುದ್ಧದ ಕೂಗು ಕಿವಿಗೆ ಅಪ್ಪಳಿಸುತ್ತದೆ. ಕೊನೆಯದು, ಹದಿನೈದು–ಹದಿನಾರರ ಹುಡುಗಿ ಹೇಳುವ ಕತೆಯನ್ನು ಓದುವವರು ಎಳೆಮಗುವಿನ ರಾಗ ತೆಗೆಯಬಾರದು. ಐದು ನಿಮಿಷ ಸಹಿಸಬಹುದು, ಹತ್ತು ಗಂಟೆ ಆಗುವುದಿಲ್ಲ. 'ಸಂಕ್ಷಿಪ್ತ' ಎಂದಿದ್ದರೆ ಬಿಟ್ಟುಬಿಡಿ. ಫ್ಯಾಂಟಸಿಯಲ್ಲಿ ಮೊದಲು ಕತ್ತರಿಗೆ ಸಿಗುವುದು ಲೋಕದ ವಿವರ, ಅದಿಲ್ಲದೆ ಉಳಿದದ್ದಕ್ಕೆ ಬುಡವೇ ಇರುವುದಿಲ್ಲ.

ಆಯ್ಕೆಗೆ ದಾರಿ ಬೇಕಿದ್ದರೆ ಅಮೆರಿಕದ ಗ್ರಂಥಾಲಯ ಸಂಘದ ಒಡಿಸ್ಸಿ ಪ್ರಶಸ್ತಿಯ ಪಟ್ಟಿ ತೆಗೆದು ನೋಡಿ. ಮಕ್ಕಳ ಮತ್ತು ಹದಿಹರೆಯದವರ ಆಡಿಯೋಬುಕ್‌ಗಳಿಗೆಂದೇ 2008ರಿಂದ ಕೊಡುತ್ತಿರುವ ಪ್ರಶಸ್ತಿ ಇದು. ಮುಖ್ಯ ಪ್ರಶಸ್ತಿಯ ಜೊತೆಗೆ ಗೌರವ ಪಟ್ಟಿಯೂ ಇರುತ್ತದೆ. ಇಲ್ಲಿ ಬೆಲೆ ಕೊಡುವುದು ಧ್ವನಿಮುದ್ರಣಕ್ಕೆ, ಬರೀ ಕತೆಗಲ್ಲ. ಪುಸ್ತಕದಂಗಡಿಯ ಜನಪ್ರಿಯ ಪಟ್ಟಿಗಿಂತ ನಮ್ಮ ಕೆಲಸಕ್ಕೆ ಇದೇ ಹೆಚ್ಚು ಉಪಯೋಗ.

ದುಡ್ಡು ಕೊಡದೆ ಕಿವಿ ಪಳಗಿಸಿಕೊಳ್ಳಬೇಕು ಅನ್ನುವವರಿಗೆ ಲಿಬ್ರಿವಾಕ್ಸ್ ಇದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಹಂಚುವ ಈ ಯೋಜನೆ 2005ರಲ್ಲಿ ಶುರುವಾಯಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಅಲ್ಲಿ ಕೆಲವು ಪುಸ್ತಕಗಳನ್ನು ಹಲವರು ಅಧ್ಯಾಯ ಹಂಚಿಕೊಂಡು ಓದಿರುತ್ತಾರೆ, ಕೆಲವನ್ನು ಒಬ್ಬರೇ ಓದಿರುತ್ತಾರೆ. ಫ್ಯಾಂಟಸಿಗೆ ಒಬ್ಬರೇ ಓದಿದ 'ಸೋಲೋ' ಮುದ್ರಣವನ್ನೇ ಹುಡುಕಿ. ಹಂಚಿ ಓದಿದ್ದರಲ್ಲಿ ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಉಚ್ಚರಿಸುತ್ತಾರೆ, ಮೈಕಿನ ಗುಣವೂ ಅಧ್ಯಾಯದಿಂದ ಅಧ್ಯಾಯಕ್ಕೆ ಬದಲಾಗುತ್ತದೆ. ಮೊದಲೇ ಹೊಸ ಹೆಸರು, ಅದಕ್ಕೆ ಮೂರು ಉಚ್ಚಾರ!

ಶುರುಮಾಡಲು ಜಾರ್ಜ್ ಮ್ಯಾಕ್‌ಡೊನಾಲ್ಡ್ ಅವರ 'ದಿ ಪ್ರಿನ್ಸೆಸ್ ಆ್ಯಂಡ್ ದಿ ಗಾಬ್ಲಿನ್' ಚೆನ್ನಾಗಿ ಒದಗುತ್ತದೆ. 1872ರಲ್ಲಿ ಪುಸ್ತಕವಾಗಿ ಬಂದದ್ದು. ಇವತ್ತಿನ ಹದಿಹರೆಯದ ಕಾದಂಬರಿಗಿಂತ ಕಿರಿಯರ ಕತೆ ನಿಜ, ಆದರೆ ಕಿವಿಗೆ ಮೊದಲ ಪಾಠವಾಗಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನೆನಪಿಡಬೇಕಾದ ಮುಖ್ಯ ಹೆಸರುಗಳು ಎರಡೇ, ರಾಜಕುಮಾರಿ ಐರೀನ್ ಮತ್ತು ಗಣಿ ಹುಡುಗ ಕರ್ಡಿ. ಬೆಟ್ಟದ ಹೊಟ್ಟೆಯೊಳಗೆ ಗಾಬ್ಲಿನ್‌ಗಳ ರಾಜ್ಯ. ಅವುಗಳಿಗೆ ಪದ್ಯ ಕಂಡರೆ ಆಗುವುದಿಲ್ಲ, ಪಾದ ಬಹಳ ಮೆತ್ತಗೆ. ಕರ್ಡಿ ಪದ್ಯ ಕಟ್ಟಿ ಹೇಳಿ ಅವುಗಳನ್ನು ಓಡಿಸುವ ಭಾಗ ಓದಿಗಿಂತ ಕೇಳುವುದಕ್ಕೇ ಚೆನ್ನ. ಸುಮಾರು ಆರು ಗಂಟೆಯ ಕೇಳುವಿಕೆ, ಅಧ್ಯಾಯಗಳೂ ಚಿಕ್ಕವು. ಹಳೆಯ ಇಂಗ್ಲಿಷ್ ಮೊದಲ ಎರಡು ಅಧ್ಯಾಯ ಸ್ವಲ್ಪ ತಡೆಯುತ್ತದೆ, ಆಮೇಲೆ ಒಗ್ಗುತ್ತದೆ.

ಕನ್ನಡದಲ್ಲಿ ಈ ಬಗೆಯ ಸರಕು ಇನ್ನೂ ಕಡಿಮೆ ಎಂಬುದನ್ನು ಬೇಸರದಿಂದಲೇ ಹೇಳಬೇಕು. ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ನಲ್ಲಿ ಆಡಿಯೋ ಪುಸ್ತಕಗಳಿವೆ, ಹುಡುಕುತ್ತಿರಬೇಕು. ಇ-ಪುಸ್ತಕ ಮಾತ್ರ ಇದ್ದು ಆಡಿಯೋ ಇಲ್ಲದಿದ್ದರೆ, ಪುಸ್ತಕದ ಆ್ಯಪ್ ಅವಕಾಶ ಕೊಟ್ಟಲ್ಲಿ, ಆ್ಯಂಡ್ರಾಯ್ಡ್ ಫೋನಿನ ಪಠ್ಯ ಓದುವ ಸೌಲಭ್ಯವನ್ನು ಬಳಸಬಹುದು. ಸೆಟ್ಟಿಂಗ್ಸ್‌ನಲ್ಲಿ 'ಟೆಕ್ಸ್ಟ್ ಟು ಸ್ಪೀಚ್' ಹುಡುಕಿ, ಗೂಗಲ್ ಎಂಜಿನ್ ಆರಿಸಿ, ಕನ್ನಡ ದನಿಯನ್ನು ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಯಂತ್ರದ ದನಿ ಮಾಹಿತಿ ಪುಸ್ತಕಕ್ಕೆ ಸಾಕು. ಕಾದಂಬರಿಗೆ ಅದು ಬಡಕಲು. ಪ್ರಶ್ನೆ, ಭಯ, ತಮಾಷೆ ಎಲ್ಲಕ್ಕೂ ಒಂದೇ ರಾಗ. ಪಾತ್ರಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಅಚ್ಚು ಹಾಕಿದ್ದರೆ ಅಲ್ಲಿ ಎಡವುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಬಳಸಿ.

ಚಂದಾ ಆ್ಯಪ್‌ಗಳ ವಿಷಯದಲ್ಲಿ ಒಂದೇ ಮಾತು. ಚಂದಾದ ಜೊತೆ ಪುಕ್ಕಟೆ ಬರುವ ಪಟ್ಟಿಯ ಪುಸ್ತಕಗಳು ಚಂದಾ ನಿಂತ ದಿನ ಮುಚ್ಚಿಕೊಳ್ಳುತ್ತವೆ. ಆಡಿಬಲ್‌ನಂಥ ಕಡೆ ದುಡ್ಡು ಅಥವಾ ಕ್ರೆಡಿಟ್ ಕೊಟ್ಟು ಕೊಂಡ ಪುಸ್ತಕ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಮೂರು ಭಾಗದ ಸರಣಿಯ ಮಧ್ಯದಲ್ಲಿರುವಾಗ ಈ ವ್ಯತ್ಯಾಸ ದೊಡ್ಡದು.

ಇನ್ನು ಮೊದಲ ಗಂಟೆ. ಅದನ್ನು ಕೆಲಸ ಮಾಡುತ್ತ ಕೇಳಬೇಡಿ. ಕೂತು ಕೇಳಿ, ಕೈಯಲ್ಲಿ ಪೆನ್ನು, ಒಂದು ಹಾಳೆ. ವೇಗ 1.0. ಇಂಗ್ಲೆಂಡಿನ ಉಚ್ಚಾರಕ್ಕೆ ಕಿವಿ ಹೊಸದಾಗಿದ್ದರೆ 0.9 ಕೂಡ ನಡೆಯುತ್ತದೆ, ಅದಕ್ಕಿಂತ ಕಡಿಮೆ ಮಾಡಿದರೆ ದನಿ ಎಳೆದ ಹಾಗಾಗಿ ಅರ್ಥವೇ ಕೆಡುತ್ತದೆ. ಹೆಸರು ಬಂದ ಕೂಡಲೇ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಸ್ಪೆಲಿಂಗ್ ಏನಿರಬಹುದು ಎಂದು ತಲೆ ಕೆಡಿಸಿಕೊಂಡರೆ ಮುಂದಿನ ಎರಡು ವಾಕ್ಯ ಕೈತಪ್ಪುತ್ತವೆ. ಕೇಳಿದ ಹಾಗೇ ಬರೆಯಬಲ್ಲ ಲಿಪಿ ನಮ್ಮ ಕೈಯಲ್ಲಿರುವಾಗ ಬೇರೆ ಚಿಂತೆ ಯಾಕೆ?

ಹೆಸರಿನ ಮುಂದೆ ಒಂದೆರಡು ಗುರುತು ಮಾತ್ರ ಸಾಕು, ಸಾಧ್ಯವಾದರೆ ಒಂದು ಕಿವಿಗೆ ಸಿಕ್ಕ ಗುರುತಾಗಿರಲಿ. ಉದಾಹರಣೆಗೆ ಚೀಟಿ ಹೀಗಿರಬಹುದು: "ಕೇಲನ್ – ಕಮ್ಮಾರನ ಮಗ, ತೊದಲು. ಮಿರಾಯಾ – ಅಕ್ಕ, ಕೀರಲು ದನಿ. ಆರ್ಡನ್ – ಊರೋ ಮನುಷ್ಯನೋ? ನದಿಯ ಆಚೆ." ಪ್ರಶ್ನಾರ್ಥಕ ಚಿಹ್ನೆ ಇರಲಿ, ಮೂರನೇ ಅಧ್ಯಾಯದಲ್ಲಿ ಅದು ತಾನಾಗಿ ಬಗೆಹರಿಯುತ್ತದೆ. ಹತ್ತು–ಹನ್ನೆರಡು ಹೆಸರಿಗೆ ನಿಲ್ಲಿಸಿ. ಮೊದಲ ಗಂಟೆಯಲ್ಲಿ ಒಂದೇ ಸಲ ಬಂದುಹೋದ ಕಾವಲುಗಾರನ ಹೆಸರನ್ನು ಬರೆಯಬೇಕಾಗಿಲ್ಲ. ಎರಡು ಹೆಸರು ಒಂದೇ ಅಕ್ಷರದಿಂದ ಶುರುವಾಗುತ್ತಿದ್ದರೆ ಅವನ್ನು ಒಂದರ ಕೆಳಗೊಂದು ಬರೆದು ಅಡಿಗೆರೆ ಎಳೆಯಿರಿ. ಕಿವಿ ಮೋಸ ಹೋಗುವುದು ಹೆಚ್ಚಾಗಿ ಅಲ್ಲೇ.

ಇನ್ನೊಂದು ಕೆಲಸ ಇದೆ. ಫ್ಯಾಂಟಸಿಯಲ್ಲಿ ಮಂತ್ರಶಕ್ತಿಗೆ ಒಂದು ಬೆಲೆ ಇರುತ್ತದೆ. ಬಳಸಿದರೆ ರಕ್ತ ಹೋಗುತ್ತದೆ, ಅಥವಾ ನೆನಪು ಹೋಗುತ್ತದೆ, ಅಥವಾ ಹುಣ್ಣಿಮೆಯಂದು ಮಾತ್ರ ನಡೆಯುತ್ತದೆ. ಈ ಕಟ್ಟುಪಾಡನ್ನು ಲೇಖಕರು ಸಾಮಾನ್ಯವಾಗಿ ಒಂದು ಸಲ ಸ್ಪಷ್ಟವಾಗಿ ಹೇಳುತ್ತಾರೆ, ಕ್ಲೈಮ್ಯಾಕ್ಸ್ ಅದರ ಮೇಲೇ ನಿಂತಿರುತ್ತದೆ. ಆ ಮಾತು ಬಂದ ತಕ್ಷಣ ಆ್ಯಪ್‌ನಲ್ಲಿ ಬುಕ್‌ಮಾರ್ಕ್ ಒತ್ತಿ, 'ಕಟ್ಟುಪಾಡು' ಎಂದು ಟಿಪ್ಪಣಿ ಹಾಕಿ. ಭವಿಷ್ಯವಾಣಿ, ಒಗಟು, ಹಾಡು ಬಂದರೂ ಹಾಗೆಯೇ. ಎಂಟು ಗಂಟೆ ಕಳೆದ ಮೇಲೆ "ಆ ಒಗಟಿನ ಮೂರನೇ ಸಾಲು ಏನಿತ್ತು?" ಎಂದು ಹುಡುಕಲು ಹೊರಟರೆ, ಬುಕ್‌ಮಾರ್ಕ್ ಇಲ್ಲದೆ ಸಿಗುವುದು ಬಹಳ ಕಷ್ಟ. ಆ್ಯಪ್‌ನಲ್ಲಿ ಪುಸ್ತಕದ ಜೊತೆ ಪಿಡಿಎಫ್ ಕೊಟ್ಟಿದ್ದರೆ ತೆರೆದು ನೋಡಿ. ನಕ್ಷೆ, ವಂಶವೃಕ್ಷ ಅದರಲ್ಲೇ ಇರುವುದುಂಟು.

ಗಂಟೆ ಕಳೆದ ಮೇಲೆ ವೇಗವನ್ನು 1.1ಕ್ಕೆ, ಒಗ್ಗಿದ ಮೇಲೆ 1.25ಕ್ಕೆ ಏರಿಸಬಹುದು. ಅದಕ್ಕಿಂತ ಮೇಲೆ ಹೋದರೆ ಪಾತ್ರಗಳ ದನಿಯ ವ್ಯತ್ಯಾಸ ಸವೆದು ಎಲ್ಲರೂ ಒಂದೇ ಥರ ಕೇಳಿಸುತ್ತಾರೆ. ಮೌನಕ್ಕೂ ಅರ್ಥವಿರುವ ಕತೆ ಇದು, 'ಮೌನ ಕತ್ತರಿಸು' ಎಂಬ ಆಯ್ಕೆಯನ್ನು ಬಂದ್ ಮಾಡಿಡಿ. ಅಧ್ಯಾಯದಿಂದ ಅಧ್ಯಾಯಕ್ಕೆ ಹೇಳುವವರು ಬದಲಾಗುವ ಕಾದಂಬರಿಯಲ್ಲಿ ಅಧ್ಯಾಯದ ಶುರುವಿನಲ್ಲಿ ಓದುವವರು ಪಾತ್ರದ ಹೆಸರನ್ನು ಒಂದೇ ಪದದಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಆ ಪದದ ಹೊತ್ತಿಗೆ ಕುಕ್ಕರ್ ಕೂಗಿದರೆ ಇಡೀ ಅಧ್ಯಾಯ ಗೊಂದಲ. ಅನುಮಾನ ಬಂದ ಕೂಡಲೇ ಪರದೆ ನೋಡಿ, ಅಧ್ಯಾಯದ ಹೆಸರು ಅಲ್ಲಿರುತ್ತದೆ.

ಸದ್ದಿನ ವಿಷಯಕ್ಕೆ ಬರೋಣ, ನಮ್ಮ ಊರಿನ ನಿಜವಾದ ತೊಂದರೆ ಇದೇ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹಂಚಿನ ಮೇಲೆ ಬೀಳುವುದಕ್ಕೂ ತಗಡಿನ ಶೀಟಿನ ಮೇಲೆ ಬೀಳುವುದಕ್ಕೂ ಅಜಗಜಾಂತರ. ಶೀಟಿನ ಮೇಲಿನ ಮಳೆಯ ಚರಚರ ಸದ್ದು ಮಾತಿನೊಳಗಿನ ಸ, ಶ, ಫ, ಟ, ತ ಇಂಥ ಅಕ್ಷರಗಳನ್ನು ನುಂಗುತ್ತದೆ. ಸ್ವರ ಕೇಳಿಸುತ್ತದೆ, ವ್ಯಂಜನ ಕೇಳಿಸುವುದಿಲ್ಲ. ಅದಕ್ಕೇ "ದನಿ ಕೇಳ್ತಿದೆ, ಮಾತು ತಿಳೀತಿಲ್ಲ" ಅನ್ನಿಸುವುದು. ಆಗ ವಾಲ್ಯೂಮ್ ಏರಿಸಿದರೆ ಸ್ವರವೇ ಇನ್ನಷ್ಟು ಜೋರಾಗುತ್ತದೆ. ಅದರ ಬದಲು ಫೋನಿನ ಈಕ್ವಲೈಸರ್ (ದನಿಯ ಮೇಲುಸ್ತರ, ಕೆಳಸ್ತರವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ತೆರೆದು 2ರಿಂದ 4 ಕಿಲೋಹರ್ಟ್ಸ್ ಕಡ್ಡಿಯನ್ನು 3 ಡೆಸಿಬಲ್ ಏರಿಸಿ, 200 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಅಷ್ಟೇ ಇಳಿಸಿ. ಬಾಸ್ ಬೂಸ್ಟ್ ಇದ್ದರೆ ತೆಗೆಯಿರಿ. ಕೆಲವು ಫೋನಿನಲ್ಲಿ 'ವೋಕಲ್' ಎಂದು ಸಿದ್ಧವಾಗಿಯೇ ಇರುತ್ತದೆ, ಅದೂ ಸಾಕು.

ಬಸ್ಸಿನಲ್ಲಿ ಲೆಕ್ಕ ತಿರುಗುಮುರುಗು. ಡೀಸೆಲ್ ಎಂಜಿನ್ನಿನ ಗುಂಯ್‌ಗುಡುವ ಸದ್ದು ಕೆಳಸ್ತರದ್ದು. ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ಟಿಪ್ ಇದ್ದರೆ ಅರ್ಧ ತೊಂದರೆ ಹೋಗುತ್ತದೆ, ಹೊರಗಿನ ಸದ್ದನ್ನು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಕೆಲಸಕ್ಕೆ ಬರುವುದೂ ಇಲ್ಲೇ. ಇಯರ್‌ಫೋನಿನ ಡಬ್ಬದಲ್ಲಿ ಮೂರು ಅಳತೆಯ ಟಿಪ್ ಕೊಟ್ಟಿರುತ್ತಾರೆ, ಬಹಳ ಜನ ನಡುವಿನದ್ದನ್ನು ಬದಲಿಸಿಯೇ ನೋಡಿರುವುದಿಲ್ಲ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಇದೆ. ನಿಮ್ಮದೇ ದನಿ ತಲೆಯೊಳಗೆ ಗುಂಯ್ ಅಂದರೆ ಟಿಪ್ ಸರಿಯಾಗಿ ಕೂತಿದೆ ಎಂದರ್ಥ.

ನೆಟ್‌ವರ್ಕ್ ನಂಬಿ ಹೊರಡಬೇಡಿ. ಸಂಪಾಜೆ ಘಾಟಿ ಇಳಿಯುವಾಗಲೂ ವಿರಾಜಪೇಟೆಯಿಂದ ಮಾಕುಟ್ಟದ ಕಾಡುದಾರಿಯಲ್ಲೂ ಸಿಗ್ನಲ್ ಹೋಗಿಬಂದು ಮಾಡುತ್ತದೆ. ಕರೆಂಟ್ ಹೋಗಿ ಟವರ್ ನಿಂತ ದಿನ ಊರೊಳಗೂ ಅಷ್ಟೆ. ಪುಸ್ತಕವನ್ನು ಪೂರ್ತಿ ಇಳಿಸಿಕೊಂಡು, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಕೊನೆಯ ಅಧ್ಯಾಯ ತೆರೆದು ನೋಡಿ. ತೆರೆದರೆ ಮಾತ್ರ ಇಳಿದಿದೆ ಎಂದು ನಂಬಿ. ಕೆಲವು ಆ್ಯಪ್ ಮೊದಲ ಭಾಗ ಇಳಿದ ಕೂಡಲೇ ಓದಲು ಶುರುಮಾಡುತ್ತವೆ, ಎರಡನೇ ಭಾಗ ಇಳಿದೇ ಇರುವುದಿಲ್ಲ. ಜಾಗದ ಲೆಕ್ಕ ಸುಲಭ. 64 ಕೆಬಿಪಿಎಸ್ (ಧ್ವನಿಮುದ್ರಣದ ಗುಣಮಟ್ಟದ ಅಳತೆ) ಫೈಲಿಗೆ ಗಂಟೆಗೆ ಸುಮಾರು 29 ಎಂಬಿ, 128ಕ್ಕೆ ಅದರ ಎರಡರಷ್ಟು. ಹತ್ತು ಗಂಟೆಯ ಪುಸ್ತಕ 64ರಲ್ಲಿ 290 ಎಂಬಿ. ಮಾತಿಗೆ 64 ಧಾರಾಳ ಸಾಕು. ಲಿಬ್ರಿವಾಕ್ಸ್‌ನಲ್ಲಿ ಎರಡೂ ಸಿಗುತ್ತವೆ, ಚಿಕ್ಕದನ್ನೇ ತೆಗೆದುಕೊಳ್ಳಿ.

ಉಚಿತ ಫೈಲುಗಳನ್ನು ಹಾಡಿನ ಪ್ಲೇಯರ್‌ನಲ್ಲಿ ಹಾಕಬೇಡಿ. ಎಲ್ಲಿ ನಿಲ್ಲಿಸಿದಿರಿ ಎಂಬುದನ್ನು ಅದು ಮರೆಯುತ್ತದೆ, ಷಫಲ್ ಒತ್ತಿಹೋದರೆ ಹದಿನೇಳನೇ ಅಧ್ಯಾಯ ಮೊದಲು ಬರುತ್ತದೆ. ಆ್ಯಂಡ್ರಾಯ್ಡ್‌ಗೆ 'ಸ್ಮಾರ್ಟ್ ಆಡಿಯೋಬುಕ್ ಪ್ಲೇಯರ್', ಐಫೋನಿಗೆ 'ಬುಕ್‌ಪ್ಲೇಯರ್' ಇವೆ. ಒಂದು ಪುಸ್ತಕಕ್ಕೆ ಒಂದು ಫೋಲ್ಡರ್ ಮಾಡಿ. ಫೈಲಿನ ಹೆಸರು 1, 2, 3 ಎಂದಿದ್ದರೆ ಕೆಲವು ಕಡೆ 1 ಆದಮೇಲೆ 10, 11 ಬಂದು ಆಮೇಲೆ 2 ಬರುತ್ತದೆ. 01, 02 ಎಂದು ತಿದ್ದಿದರೆ ಸರಿಹೋಗುತ್ತದೆ. ಪರದೆ ಆರಿದ ಹತ್ತು ನಿಮಿಷಕ್ಕೆ ಓದು ನಿಲ್ಲುತ್ತಿದೆಯೇ? ಪುಸ್ತಕದ ದೋಷವಲ್ಲ, ಫೋನಿನ ಬ್ಯಾಟರಿ ಉಳಿತಾಯ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ನಿಲ್ಲಿಸಿ ಮತ್ತೆ ಶುರುಮಾಡಿದಾಗ ತಾನಾಗಿ 15–20 ಸೆಕೆಂಡ್ ಹಿಂದೆ ಹೋಗುವ ಆಯ್ಕೆಯನ್ನೂ ಹಾಕಿಡಿ, ವಾಕ್ಯದ ಬಾಲ ತಪ್ಪುವುದಿಲ್ಲ.

ತೋಟದ ಕೆಲಸದ ಜೊತೆ ಕೇಳುವುದು ಬಹಳ ಚೆನ್ನಾಗಿ ಹೊಂದುತ್ತದೆ, ಆದರೆ ಎಲ್ಲ ಕೆಲಸಕ್ಕೂ ಅಲ್ಲ. ಕಣದಲ್ಲಿ ಕಾಫಿ ಹರವುವುದು, ಗಂಟೆಗೊಮ್ಮೆ ಎಳೆದು ತಿರುವಿ ಹಾಕುವುದು, ಮನೆಯೊಳಗೆ ಕೂತು ಹಣ್ಣು ಕಾಯಿ ಬೇರೆ ಮಾಡುವುದು, ಮೆಣಸು ಆರಿಸುವುದು, ಇವಕ್ಕೆ ಕೈ ಬೇಕು, ಮಾತು ಬೇಡ. ಇಪ್ಪತ್ತು–ಮೂವತ್ತು ನಿಮಿಷದ ಒಂದು ಅಧ್ಯಾಯ ಒಂದು ಸುತ್ತಿನ ಕೆಲಸಕ್ಕೆ ಸರಿಹೊಂದುತ್ತದೆ. ಲೆಕ್ಕ ಬರುವ ಕೆಲಸದಲ್ಲಿ ಕೇಳಬೇಡಿ. ಸಂಜೆ ಕುಯ್ದ ಹಣ್ಣು ತೂಗುವಾಗ, ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ–ಸುಣ್ಣ ಅಳೆಯುವಾಗ ಒಂದೋ ಕತೆ ತಪ್ಪುತ್ತದೆ, ಇಲ್ಲವೇ ಅಳತೆ ತಪ್ಪುತ್ತದೆ. ಎರಡಕ್ಕೂ ತಲೆಯಲ್ಲಿ ಒಂದೇ ಜಾಗ. ಮೆಣಸು ಕುಯ್ಯಲು ಏಣಿ ಹತ್ತುವಾಗ, ಕಳೆ ಕತ್ತರಿಸುವ ಯಂತ್ರ ಹಿಡಿದಾಗ, ಸ್ಕೂಟರ್ ಓಡಿಸುವಾಗ ಕಿವಿಯಲ್ಲಿ ಏನೂ ಇರಬಾರದು.

ಆನೆಯ ಮಾತು ಪ್ರತ್ಯೇಕವಾಗಿ ಹೇಳಬೇಕು. ಆನೆ ಹತ್ತಿರ ಇದೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಕೊಂಬೆ ಲಟಕ್ಕನೆ ಮುರಿದ ಸದ್ದು, ಬಿದಿರು ಸೀಳುವ ಸದ್ದು, ಕಾರ್ಮಿಕರ ಲೈನ್‌ಮನೆ ಕಡೆ ನಾಯಿಗಳು ಒಟ್ಟಿಗೆ ಬೊಗಳುವುದು, ಆಚೆ ತೋಟದವರು ಕೂಗುವುದು. ಕಾಫಿ ಗಿಡದ ಸಾಲಿನೊಳಗೆ ಹತ್ತಿಪ್ಪತ್ತು ಅಡಿ ಆಚೆಗಿನದ್ದೂ ಕಾಣುವುದಿಲ್ಲ. ಹಾಗಿರುವಾಗ ನಾಯ್ಸ್ ಕ್ಯಾನ್ಸಲಿಂಗ್ ಹಾಕಿಕೊಂಡು ತೋಟದೊಳಗೆ ನಡೆಯುವುದು ಜೀವದ ಜೊತೆ ಆಟ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯ ತೋಟಗಳಲ್ಲಂತೂ ಬೆಳಗಿನ ಜಾವ ಮತ್ತು ಸಂಜೆ ಕತ್ತಲಾಗುವ ಹೊತ್ತಿಗೆ ಇಯರ್‌ಫೋನ್ ಬೇಡವೇ ಬೇಡ. ಹಗಲಲ್ಲಿ, ಜೊತೆಗೆ ಜನ ಇದ್ದು, ಆನೆ ಸುದ್ದಿ ಇಲ್ಲದ ದಿನ ಮಾತ್ರ ಒಂದು ಕಿವಿಗೆ ಹಾಕಿ, ಕಡಿಮೆ ವಾಲ್ಯೂಮಿನಲ್ಲಿ. ಫೋನ್ 'ಡು ನಾಟ್ ಡಿಸ್ಟರ್ಬ್'ನಲ್ಲಿ ಇರಬಾರದು, ಆನೆ ಬಂದಿದೆ ಎಂಬ ಕರೆ ಬರುವುದು ಅದಕ್ಕೇ.

ಒಂದೇ ಕಿವಿಯಲ್ಲಿ ಕೇಳುವಾಗ ಇನ್ನೊಂದು ಸಮಸ್ಯೆ ಬರುತ್ತದೆ. ನಾಟಕ ರೂಪದ ಮುದ್ರಣದಲ್ಲಿ ಒಂದು ಪಾತ್ರ ಎಡಗಡೆಯಿಂದ, ಇನ್ನೊಂದು ಬಲಗಡೆಯಿಂದ ಮಾತಾಡುವ ಹಾಗೆ ಮಾಡಿರುತ್ತಾರೆ. ವೈರಿನ ಇಯರ್‌ಫೋನಿನ ಒಂದೇ ತುದಿ ಹಾಕಿಕೊಂಡರೆ ಒಬ್ಬರ ಮಾತು ಸಣ್ಣಗಾಗಿ ಸಂಭಾಷಣೆ ಏಕಪಕ್ಷೀಯವಾಗುತ್ತದೆ. ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಅಲ್ಲಿ 'ಮೊನೊ ಆಡಿಯೋ' ಆನ್ ಮಾಡಿ. ಎರಡೂ ಕಡೆಯ ದನಿ ಒಂದೇ ಕಿವಿಗೆ ಸೇರಿ ಬರುತ್ತದೆ.

ಮಳೆಗಾಲದ ತೇವ ಇಯರ್‌ಬಡ್‌ನ ಶತ್ರು. ಡಬ್ಬದೊಳಗಿನ ಚಾರ್ಜಿಂಗ್ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದು ಒಂದು ಕಡೆಯದು ಚಾರ್ಜ್ ಆಗುವುದೇ ನಿಲ್ಲುತ್ತದೆ. ಡಬ್ಬಕ್ಕೆ ಹಾಕುವ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಒದ್ದೆ ಇದ್ದರೆ ಹೊರಗೇ ಆರಲು ಬಿಡಿ. ರಾತ್ರಿ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಹವೆಯಲ್ಲಿ ಆ ಪೊಟ್ಟಣ ಬೇಗ ತೇವ ಕುಡಿದು ಸುಮ್ಮನಾಗುತ್ತದೆ, ಬಣ್ಣ ಬದಲಾಗುವ ಬಗೆಯದನ್ನು ತಂದರೆ ಯಾವಾಗ ಬದಲಿಸಬೇಕೆಂದು ತಿಳಿಯುತ್ತದೆ. ಇಯರ್‌ಬಡ್‌ನ ಡಬ್ಬದ ಮೇಲಿನ ಐಪಿಎಕ್ಸ್4 ಎಂದರೆ ಹನಿ ಸಿಡಿದರೆ ತಡೆಯುತ್ತದೆ ಎಂದಷ್ಟೇ. ಮಳೆಯಲ್ಲಿ ನೆನೆಯುವುದಕ್ಕೆ ಕೊಟ್ಟ ಪರವಾನಗಿ ಅಲ್ಲ.

ಮಕ್ಕಳ ಕೈಗೆ ಕೊಡುವಾಗ ವಾಲ್ಯೂಮಿನ ಮಿತಿ ಹಾಕಿಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬಲ್ ಮೀರಬಾರದು. ಹಾಡಿಗಿಂತ ಮಾತಿನ ಪುಸ್ತಕ ಹೆಚ್ಚು ಹೊತ್ತು ಕಿವಿಯಲ್ಲಿರುತ್ತದೆ ಎಂಬುದು ನೆನಪಿರಲಿ. ಈ ವರ್ಗದ ಕಾದಂಬರಿಗಳಲ್ಲಿ ಹನ್ನೆರಡರ ಮಗುವಿಗೆ ಸಲ್ಲುವುದೂ ಇದೆ, ಹದಿನೇಳಕ್ಕೆ ಮಾತ್ರ ಸಲ್ಲುವುದೂ ಇದೆ. ಪುಸ್ತಕದ ವಯಸ್ಸಿನ ಸೂಚನೆ ನೋಡಿಯೇ ಕೊಡಿ.

ಮಳೆ ರಜೆ ಕೊಟ್ಟ ದಿನ ಮನೆಮಂದಿ ಒಟ್ಟಿಗೆ ಕೇಳುವುದಾದರೆ ಸ್ಪೀಕರನ್ನು ಕಪಾಟಿನ ಮೇಲಿಟ್ಟು ಜೋರು ಮಾಡುವುದಕ್ಕಿಂತ ಎಲ್ಲರ ನಡುವೆ, ಕೈಗೆಟಕುವ ದೂರದಲ್ಲಿ ಮರದ ಸ್ಟೂಲಿನ ಮೇಲಿಡಿ. ಸ್ಟೀಲ್ ಬೀರು, ತಗಡಿನ ಡಬ್ಬದ ಮೇಲಿಟ್ಟರೆ ದನಿ ಝಣಝಣ ಅನ್ನುತ್ತದೆ. ಶೀಟಿನ ಕೋಣೆಗಿಂತ ಮಾಳಿಗೆ ಇರುವ ಒಳಕೋಣೆ ಮೇಲು. ವೇಗ 1.0 ಮಾತ್ರ, ಒಂದು ಸಲಕ್ಕೆ ಒಂದೇ ಅಧ್ಯಾಯ. ಇಂಗ್ಲಿಷ್ ಅಷ್ಟಾಗಿ ಬಾರದ ಅಜ್ಜಿಗೆ ಅಧ್ಯಾಯ ಮುಗಿದ ಮೇಲೆ ಮಕ್ಕಳೇ ಕತೆ ಹೇಳಲಿ. ಗಮಕದಲ್ಲಿ ವಾಚನ ಆದಮೇಲೆ ವ್ಯಾಖ್ಯಾನ ಇರುವ ಪದ್ಧತಿ ಇಲ್ಲೂ ಸೊಗಸಾಗಿ ನಡೆಯುತ್ತದೆ, ಹೇಳಿದ ಮಗುವಿಗೆ ಕತೆ ಗಟ್ಟಿಯಾಗುತ್ತದೆ. ಕರೆಂಟಿನ ಭರವಸೆ ಇಲ್ಲದ ದಿನ 10,000 ಎಂಎಎಚ್ ಪವರ್‌ಬ್ಯಾಂಕ್ ತುಂಬಿಸಿಟ್ಟುಕೊಳ್ಳಿ. ಪರದೆ ಆರಿಸಿ ಇಳಿಸಿದ ಫೈಲು ಕೇಳಿದರೆ ಫೋನ್ ಬಹಳ ಕಡಿಮೆ ತಿನ್ನುತ್ತದೆ. ಗುಡುಗು ಇರುವಾಗ ಚಾರ್ಜಿಗೆ ಹಾಕಿ ಕಿವಿಗೆ ವೈರ್ ಸಿಕ್ಕಿಸಿಕೊಳ್ಳಬೇಡಿ.

ಮಲಗುವಾಗ ಕೇಳುವವರು ಸ್ಲೀಪ್ ಟೈಮರನ್ನು 'ಅಧ್ಯಾಯದ ಕೊನೆ'ಗೆ ಇಡದೆ 15 ನಿಮಿಷಕ್ಕೆ ಇಡಿ. ನಿದ್ದೆ ಬಂದದ್ದು ಎಲ್ಲಿ ಎಂದು ಹುಡುಕಲು ಆಗ ಹದಿನೈದು ನಿಮಿಷವಷ್ಟೇ ಹಿಂದೆ ಹೋಗಬೇಕು. ಹಗಲಲ್ಲೂ ಎಳೆ ತಪ್ಪಿತು ಅನ್ನಿಸಿದರೆ 30 ಸೆಕೆಂಡಿನ ಗುಂಡಿಯನ್ನು ಹತ್ತು ಸಲ ಒತ್ತುವುದು ವ್ಯರ್ಥ, ಮಾತಿನ ಮಧ್ಯಕ್ಕೇ ಬಂದು ಬೀಳುತ್ತೀರಿ. ನೇರ ಅಧ್ಯಾಯದ ಶುರುವಿಗೆ ಹೋಗಿ 1.5 ವೇಗದಲ್ಲಿ ಓಡಿಸಿ. ಗೊತ್ತಿರುವ ಭಾಗ ಬೇಗ ದಾಟುತ್ತದೆ, ಗೊತ್ತಿಲ್ಲದ ವಾಕ್ಯ ಬಂದ ಕೂಡಲೇ ಕಿವಿ ನಿಲ್ಲಿಸುತ್ತದೆ. ಅಲ್ಲಿಂದ ಮಾಮೂಲಿ ವೇಗ.

ಫ್ಯಾಂಟಸಿ ಒಂದೇ ಪುಸ್ತಕಕ್ಕೆ ನಿಲ್ಲುವುದು ಅಪರೂಪ, ಎರಡನೇ ಭಾಗ ಕೊಳ್ಳುವ ಮೊದಲು ಓದುವವರು ಅವರೇ ಹೌದೇ ಎಂದು ನೋಡಿ. ಓದುವವರು ಬದಲಾದರೆ ಹೆಸರಿನ ಉಚ್ಚಾರವೂ ಬದಲಾಗುತ್ತದೆ. ಕೇಲನ್ ಇದ್ದವನು ಕೈಲನ್ ಆಗಿ ಬಂದರೆ ಹೊಸ ಪಾತ್ರ ಎಂದೇ ಕಿವಿ ತಿಳಿಯುತ್ತದೆ. ಹಳೆಯ ಚೀಟಿಯಲ್ಲಿ ಅದೇ ಹೆಸರಿನ ಪಕ್ಕ ಹೊಸ ಉಚ್ಚಾರ ಬರೆದುಕೊಂಡರೆ ಅರ್ಧ ಗಂಟೆಯಲ್ಲಿ ಹೊಂದಿಕೆಯಾಗುತ್ತದೆ. ಎರಡು ಭಾಗಗಳ ನಡುವೆ ತಿಂಗಳುಗಟ್ಟಲೆ ಬಿಡುವು ಬಿದ್ದಿದ್ದರೆ ಮೊದಲ ಭಾಗದ ಕೊನೆಯ ಎರಡು ಅಧ್ಯಾಯಗಳನ್ನು, ಜೊತೆಗೆ 'ಕಟ್ಟುಪಾಡು' ಎಂದು ಗುರುತು ಹಾಕಿದ ಬುಕ್‌ಮಾರ್ಕ್‌ಗಳನ್ನು ಒಮ್ಮೆ ಕೇಳಿ ಮುಂದುವರಿಯಿರಿ. ಒಂದು ಗಂಟೆಯ ಕೆಲಸ, ಇಡೀ ಪುಸ್ತಕ ಮತ್ತೆ ಕೇಳಬೇಕಾಗಿಲ್ಲ.